ಎಡಗೈ ಗಂಟು

ಖುರ್ಷಿದಾ ಬೇಗಂ ಎಡಚಿ. ಊಟಕ್ಕೆ ಎಡಗೈ ಹಾಕಿದಾಗೆಲ್ಲ ತಾಯಿ ಸೌಟಿನ ಹಿಡಿಯಿಂದ ಗೆಣ್ಣಿಗೆ ಹೊಡೆದು ಬಲಗೈಯಲ್ಲಿ ತಿನ್ನುವುದನ್ನು ಕಲಿಸಿದಳು. ಬೀಡಿಯ ಮೊರ ತೊಡೆಯ ಮೇಲೆ ಬಂದಾಗ ಮಾತ್ರ ಆ ತಾಯಿ ಸುಮ್ಮನಾದಳು. ಬೀಡಿಗೆ ಯಾವ ಕೈ ಆದರೇನು, ಸಂಜೆಯೊಳಗೆ ಎಲೆ ಮುಗಿದರೆ ಸರಿ. ಆ ಎಡಗೈಗೆ ಈ ಲೋಕದಲ್ಲಿ ಸಿಕ್ಕ ಜಾಗ ಆ ಮೊರ ಒಂದೇ. ಎಲ್ಲರೂ ದಾರ ಸುತ್ತುವ ದಿಕ್ಕಿಗೆ ತಿರುಗುಮುರುಗಾಗಿ ಸುತ್ತುತ್ತಿದ್ದಳು. ತುದಿಯನ್ನು ಉಗುರಿನಿಂದ ಸುತ್ತಿನ ಒಳಕ್ಕೆ ತಳ್ಳುತ್ತಿದ್ದಳು. ಮೇಲೊಂದು ಗಂಟು ಬಿಗಿಯುತ್ತಿದ್ದಳು. ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಕೈಯೇ ಕಂಡುಕೊಂಡದ್ದು.

ಮದುವೆಯಾಗಿ ತುಮಕೂರಿನ ಮರಳೂರು ದಿಣ್ಣೆಗೆ ಬಂದ ಮೇಲೂ ಅದೇ ಕೆಲಸ. ಕೂತು ಕೂತು ಸೊಂಟ ಹಿಡಿಯಿತು. ತಂಬಾಕಿನ ಘಾಟಿಗೆ ಗಂಟಲು ಕಟ್ಟಿತು. ಗಂಡ ಸರ್ದಾರ್ ಪಾಷಾ ತೀರಿಕೊಂಡ. ಹಿರಿಯ ಮಗಳು ಗಂಡನ ಮನೆಗೆ ಹೋದಳು. ಕಿರಿಯವಳು ಮುಬಶ್ಶಿರಾ ಕಾಲೇಜು ಸೇರಿದಳು. ಅಷ್ಟರಲ್ಲಿ ಬೀಡಿಗೆ ಎಲೆ ಕೊಡುವವರು ಬರುವುದೂ ನಿಂತಿತು. ಆಗ ದಿಣ್ಣೆಗೆ ಬಂದವನು ಗಂಗಾಧರ್.

ವಸಂತನರಸಾಪುರದ ಹೊಸ ಫ್ಯಾಕ್ಟರಿಯೊಂದರಲ್ಲಿ ಅವನು ಸೂಪರ್‌ವೈಸರ್. ಗುಬ್ಬಿ ತಾಲ್ಲೂಕಿನ ನಿಟ್ಟೂರಿನವನು. ಬೀಡಿ ಕಟ್ಟಿದ ಕೈಗಳೇ ಬೇಕು ಎಂದು ಮನೆಮನೆ ಸುತ್ತಿದ. ತೆಂಗಿನ ಮರಕ್ಕೆ ಔಷಧಿ ಹೊಡೆಯುವ ಡ್ರೋನ್ ಮಾಡುತ್ತೇವೆ, ಅದರೊಳಗಿನ ವೈರುಗಳನ್ನು ದಾರದಲ್ಲಿ ಬಿಗಿದು ಕಟ್ಟುವ ಕೆಲಸ, ಕೂತು ಮಾಡುವುದು, ಘಾಟಿಲ್ಲ, ಧೂಳಿಲ್ಲ ಎಂದ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಿದ್ದ. ಕೊಟ್ಟ ಚಹಾ ಪೂರ್ತಿ ಕುಡಿದಿದ್ದ. ಅವರ ಬೀದಿಗೆ ಕೆಲಸದ ಮೇಲೆ ಬರುವ ಗಂಡಸರು ಯಾರೂ ಹಾಗೆ ಲೋಟ ಖಾಲಿ ಮಾಡಿದವರಲ್ಲ. ಖುರ್ಷಿದಾ ಅದನ್ನು ಗಮನಿಸಿದಳು. ಮಾರನೆಯ ವಾರ ಕೆಲಸಕ್ಕೆ ಸೇರಿದಳು.

ಕಂಪನಿ ಬಸ್ಸು ಕುಣಿಗಲ್ಲಿನಿಂದ ಹೊರಟು ತುಮಕೂರಿಗೆ ಬರುವ ಹೊತ್ತಿಗೆ ತುಂಬಿರುತ್ತಿತ್ತು. ಖಾಲಿ ಉಳಿದಿರುತ್ತಿದ್ದದ್ದು ಒಂದೇ ಸೀಟು, ನರಸಿಂಹಮ್ಮನ ಪಕ್ಕದ್ದು. ನರಸಿಂಹಮ್ಮ ಹುಲಿಯೂರುದುರ್ಗದ ರಸ್ತೆಯ ಒಂದು ಹಳ್ಳಿಯ ಕಾಲೊನಿಯವಳು. ಅವಳಪ್ಪ ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಲದ್ದಿ ಬಾಚಿ ಬೆನ್ನು ಬಗ್ಗಿಸಿಕೊಂಡವನು. ಅವಳ ಪಕ್ಕ ಯಾರೂ ಕೂರುತ್ತಿರಲಿಲ್ಲ. ಬುರ್ಖಾದ ಖುರ್ಷಿದಾಳನ್ನು ಪಕ್ಕಕ್ಕೆ ಯಾರೂ ಕರೆಯುತ್ತಿರಲಿಲ್ಲ. ಹೀಗಾಗಿ ಇಬ್ಬರೂ ಜೊತೆಯಾದರು. ಸೀಟಿನ ಜಗಳವಿಲ್ಲದೆ ಊರು ಸೇರುವವರು ನಾವಿಬ್ಬರೇ ನೋಡಕ್ಕ ಎಂದು ನರಸಿಂಹಮ್ಮ ನಗುತ್ತಿದ್ದಳು. ಬಸ್ಸಿನಲ್ಲಿ ಖುರ್ಷಿದಾ ತೂಕಡಿಸಿದರೆ ಕಿಟಕಿಯ ಸರಳಿಗೆ ತಲೆ ಬಡಿಯದ ಹಾಗೆ ತನ್ನ ಅಂಗೈ ಅಡ್ಡ ಹಿಡಿಯುತ್ತಿದ್ದಳು.

ಆ ವೈರಿನ ಕಟ್ಟಿಗೆ ಕಂಪನಿಯವರು ಏನೋ ಇಂಗ್ಲಿಷ್ ಹೆಸರು ಹೇಳುತ್ತಿದ್ದರು. ಹೆಂಗಸರು ಜಡೆ ಎಂದೇ ಕರೆದರು. ಕೆಂಪು, ನೀಲಿ, ಕಪ್ಪು ವೈರುಗಳನ್ನು ಜೋಡಿಸಿ, ಗೇಣುದ್ದಕ್ಕೆ ಒಂದರಂತೆ ಬಿಳಿ ಮೇಣದ ದಾರದಿಂದ ಬಿಗಿಯಬೇಕು. ದಾರ ಬೆರಳನ್ನು ಕೊಯ್ಯುತ್ತಿತ್ತು. ಮೇಣ ಉಗುರಿನ ಸಂದಿಗೆ ಸೇರಿ, ತಿನ್ನುವ ಅನ್ನಕ್ಕೂ ಅದರದ್ದೇ ವಾಸನೆ. ಪ್ಲಾಸ್ಟಿಕ್ ಪಟ್ಟಿ ಯಾಕೆ ಹಾಕಬಾರದು ಎಂದು ಯಾರೋ ಕೇಳಿದ್ದಕ್ಕೆ, ಕಲಿಸಲು ಬಂದಿದ್ದ ಹೊರಗಿನವನು, ಮೇಲೆ ವಿಪರೀತ ಚಳಿ ಇರುತ್ತದೆ, ಪ್ಲಾಸ್ಟಿಕ್ ಒಡೆದುಹೋಗುತ್ತದೆ ಎಂದ.

ನರಸಿಂಹಮ್ಮ ಕೇಳಿದಳು. "ತೆಂಗಿನ್ ಮರದ್ ಮ್ಯಾಲೆ ಅಷ್ಟೊಂದು ಚಳಿ ಐತಾ ಸಾ? ನಮ್ಮೂರಾಗೆ ಕಾಯಿ ಕೀಳೋನು ಬರೀ ಚಡ್ಡೀಲಿ ಹತ್ತುತಾನೆ."

ಎಲ್ಲರೂ ನಕ್ಕರು. ಕಲಿಸುವವನೂ ನಕ್ಕ. ನಕ್ಕು ಮುಂದಿನ ಮಾತಿಗೆ ಹೋದ.

ಖುರ್ಷಿದಾಳ ಜಡೆಯನ್ನು ಕ್ವಾಲಿಟಿಯವರು ಮೊದಲ ದಿನವೇ ಪಕ್ಕಕ್ಕೆ ಎಸೆದರು. ಗಂಟು ಉಲ್ಟಾ ಎಂದರು. ಗಂಗಾಧರ್ ಆ ಜಡೆಯನ್ನು ಎತ್ತಿಕೊಂಡು ಹೋಗಿ ಅಲುಗಾಡಿಸುವ ಯಂತ್ರಕ್ಕೆ ಕಟ್ಟಿದ, ಉಳಿದವರ ಜಡೆಗಳ ಜೊತೆಗೆ. ಯಂತ್ರ ನಿಂತಾಗ ಉಳಿದ ಗಂಟುಗಳು ಸಡಿಲಾಗಿದ್ದವು. ಅವಳದು ಮಿಸುಕಿರಲಿಲ್ಲ. ಗಂಗಾಧರ್ ಉಗುರು ಹಾಕಿ ನೋಡಿದ, ಪೆನ್ನಿನ ತುದಿ ಹಾಕಿ ನೋಡಿದ. ಎಲ್ಲರ ಮುಂದೆ ಹೇಳಿದ. "ಈ ಅಮ್ಮನ ಗಂಟು ಬಿಚ್ಚಲ್ಲ. ಕತ್ತರಿಸ್ಬೇಕು ಅಷ್ಟೆ. ಇವ್ರ ಕೈನ ಯಾರೂ ಮುಟ್ಬೇಡಿ."

ಅವಳ ಎಡಗೈ ಪರವಾಗಿ ಹುಟ್ಟಿದಾಗಿನಿಂದ ಮಾತಾಡಿದವರು ಯಾರೂ ಇರಲಿಲ್ಲ. ಅವಳಿಗೆ ಕಣ್ಣು ತುಂಬಿ ಬಂತು. ಆಮೇಲೆ ಅವನು ಅವಳ ಬೆಂಚನ್ನು ಬೆಳಕು ಬಲಗಡೆಯಿಂದ ಬೀಳುವಂತೆ ತಿರುಗಿಸಿ ಹಾಕಿಸಿದ. ದಾರ ದೊಡ್ಡದಾಗಿ ಕಾಣುವ ದಪ್ಪ ಗಾಜಿನ ದೀಪ ತರಿಸಿಕೊಟ್ಟ. ಸ್ಟೋರಿನ ಹಿಂದಿನ ಸಂದಿಯನ್ನು ಗುಡಿಸಿಸಿ, ಮಧ್ಯಾಹ್ನದ ನಮಾಜಿಗೆ ಅಲ್ಲಿ ಯಾರೂ ಬರಲ್ಲ ಅಮ್ಮ ಎಂದ. ಅವಳು ಸಾರ್ ಎಂದರೆ, ಸಾರ್ ಅನ್ನಬೇಡಿ, ನಿಮ್ಮ ಮಗನ ವಯಸ್ಸು ನನ್ನದು ಎಂದ. ಅಂದಿನಿಂದ ಅವನು ಅವಳಿಗೆ ಗಂಗಾಧರಪ್ಪ.

ಒಂದು ಭಾನುವಾರ ಹೆಂಗಸರನ್ನೆಲ್ಲ ಬಸ್ಸಿನಲ್ಲಿ ಕೂರಿಸಿ, ಗುಬ್ಬಿ ದಾಟಿ, ನಿಟ್ಟೂರಿನ ತನ್ನ ತೋಟಕ್ಕೆ ಕರೆದುಕೊಂಡು ಹೋದ. ನೀವು ಕಟ್ಟಿದ ಜಡೆ ಏನು ಮಾಡುತ್ತದೆ ನೋಡಿ ಎಂದ. ಹಳದಿ ಬಣ್ಣದ ಒಂದು ಡ್ರೋನ್ ಗುಂಯ್ ಎಂದು ಎದ್ದು ಮರಗಳ ಸುಳಿಯ ಮೇಲೆ ನಿಂತು ಔಷಧಿ ಚೆಲ್ಲಿತು. ಕಪ್ಪುತಲೆ ಹುಳ ಬಿದ್ದು ಗರಿಯೆಲ್ಲ ಸುಟ್ಟಂತಾಗಿದ್ದ ಮರಗಳು. ಹೆಂಗಸರು ಚಪ್ಪಾಳೆ ತಟ್ಟಿದರು. ಗಂಗಾಧರನ ತಂದೆ ಲಕ್ಷ್ಮೀನರಸಿಂಹಯ್ಯ ತಾವೇ ಎಳನೀರು ಕೆತ್ತಿ ಕೊಟ್ಟರು. ತಾಯಿ ಸುಬ್ಬಲಕ್ಷ್ಮಮ್ಮ ನರಸಿಂಹಮ್ಮನಿಗೆ ಜಗುಲಿಯ ಕೆಳಗೇ ಎಲೆ ಹಾಕಿದ್ದು ನಿಜ. ಆದರೆ ಮಗ ಗಂಟಿನ ಕಥೆ ಹೇಳಿದಾಗ ಆ ಮುದುಕಿ ಇಳಿದು ಬಂದು ಖುರ್ಷಿದಾಳ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, "ಈ ಕೈ ತಣ್ಣಗಿರ್ಲಿ ಕಣಮ್ಮ, ನಮ್ಮ ಮರ ಉಳಿಸ್ತು" ಎಂದಳು.

ಅಂದಿನಿಂದ ಖುರ್ಷಿದಾ ಪ್ರತಿ ಜಡೆಯ ಮೊದಲ ಗಂಟಿಗೆ ಬಿಸ್ಮಿಲ್ಲಾ ಎಂದು, ಇದು ಯಾರ ತೋಟಕ್ಕೆ ಹೋದರೂ ಅವರ ಮರ ಹಸಿರಾಗಲಿ ಎಂದು ಬೇಡಿಕೊಂಡೇ ದಾರ ಎಳೆಯುತ್ತಿದ್ದಳು. ಬೀಡಿಗೆ ಅವಳು ಎಂದೂ ಬೇಡಿಕೊಂಡವಳಲ್ಲ. ಬೀಡಿ ಸೇದುವವನ ಎದೆಗೆ ಏನಾಗುತ್ತದೆ ಎಂದು ಗಂಡನನ್ನು ನೋಡಿ ಅವಳಿಗೆ ಗೊತ್ತಿತ್ತು. ಇದು ಹಾಗಲ್ಲ ಎಂದುಕೊಂಡಿದ್ದಳು.

ಒಂದು ಸಂಜೆ ಅವಳು ಒಲೆಯ ಮೇಲೆ ಮೈದಾ ಅಂಟು ಕಾಯಿಸುತ್ತಿದ್ದಳು. ಜಿರಲೆ ತಿನ್ನದಿರಲಿ ಎಂದು ಚಿಟಿಕೆ ಮೈಲುತುತ್ತ ಹಾಕಿದ್ದಳು. ಮುಬಶ್ಶಿರಾ ಮಂಚದ ಮೇಲೆ ಫೋಟೋಗಳನ್ನು ಹರಡಿಕೊಂಡು ರಟ್ಟಿಗೆ ಅಂಟಿಸುತ್ತಿದ್ದಳು. ಭಾನುವಾರ ಟೌನ್‌ಹಾಲ್ ಸರ್ಕಲ್ಲಿನಲ್ಲಿ ಸಭೆ. ಡ್ರೋನ್ ಬಿಟ್ಟು ಜನರ ಮೇಲೆ ಬಾಂಬ್ ಹಾಕುವುದರ ವಿರುದ್ಧ ಜಗತ್ತಿನ ಎಷ್ಟೋ ಊರುಗಳಲ್ಲಿ ಜನ ಬೀದಿಗೆ ಬರುತ್ತಿದ್ದಾರೆ, ಅದೇ ದಿನ ನಾವೂ ಎಂದು ಅವಳು ಮನೆಮಾತಿನಲ್ಲಿ ತಾಯಿಗೆ ವಿವರಿಸುತ್ತಿದ್ದಳು. ಹಾರಿಸುವವನು ಎಲ್ಲೋ ದೂರ ಕುರ್ಚಿಯ ಮೇಲೆ ಕೂತಿರುತ್ತಾನೆ ಅಮ್ಮಿ, ಪರದೆಯಲ್ಲಿ ನೋಡಿ ಗುಂಡಿ ಒತ್ತುತ್ತಾನೆ, ಕೆಳಗಿನವರು ಯಾರು ಎಂದು ಅವನಿಗೆ ಗೊತ್ತಿರುವುದಿಲ್ಲ.

ಖುರ್ಷಿದಾ ಅಂಟಿನ ಕೈಯಲ್ಲೇ ಬಗ್ಗಿ ನೋಡಿದಳು. ಒಂದು ಕಣ. ಅಲ್ಲಿ ಕಾಳು ಹಸನು ಮಾಡುತ್ತಿದ್ದ ಹೆಂಗಸರ ಮೇಲೆ ಬಾಂಬ್ ಬಿತ್ತಂತೆ. ಮೊರದಂಥದೊಂದು ಬೋರಲು ಬಿದ್ದಿತ್ತು. ಕಾಳು ಚೆಲ್ಲಿತ್ತು. ಹೆಂಗಸರು ಇರಲಿಲ್ಲ. ಚಾದರ ಹೊದಿಸಿದ ಸಾಲು ಇತ್ತು. ಇನ್ನೊಂದು ಫೋಟೋದಲ್ಲಿ ಒಬ್ಬ ಗಂಡಸಿನ ಅಂಗೈ. ಕಣದಲ್ಲಿ ಬಿದ್ದ ಡ್ರೋನಿನ ಅವಶೇಷ ಎಂದು ಕೆಳಗೆ ಬರೆದಿತ್ತು. ಅಂಗೈಯಲ್ಲಿ ಸುಟ್ಟ ವೈರುಗಳ ಒಂದು ತುಂಡು ಜಡೆ.

ಖುರ್ಷಿದಾ ಫೋಟೋ ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋದಳು. ವೈರು ಕರಗಿ ಕಪ್ಪಾಗಿತ್ತು. ದಾರ ಕಂದಿತ್ತು, ಆದರೆ ಬಿಟ್ಟಿರಲಿಲ್ಲ. ಸುತ್ತು ತಿರುಗುಮುರುಗು. ಈ ಜಗತ್ತಿನಲ್ಲಿ ಎಡಚಿ ನಾನೊಬ್ಬಳೇನಾ ಎಂದು ಸಮಾಧಾನ ಮಾಡಿಕೊಂಡಳು. ಮತ್ತೆ ನೋಡಿದಳು. ತುದಿ ಹೊರಗೆ ಇರಲಿಲ್ಲ. ಉಗುರಿನಿಂದ ಒಳಕ್ಕೆ ತಳ್ಳಿತ್ತು. ಮೇಲೊಂದು ಗಂಟು.

ಅವಳು ಬೀಡಿಯ ಹಳೆ ಡಬ್ಬಿಯಿಂದ ದಾರ ತೆಗೆದು ಒಂದು ಪೊರಕೆ ಕಡ್ಡಿಯ ಕಟ್ಟಿಗೆ ಗಂಟು ಹಾಕಿ ಫೋಟೋದ ಪಕ್ಕ ಇಟ್ಟಳು. ಮುಬಶ್ಶಿರಾ ಎರಡನ್ನೂ ನೋಡಿದಳು. ತಾಯಿಯ ಮುಖ ನೋಡಿದಳು. ಎದ್ದು ಹೋಗಿ, ತಳ ಹಿಡಿಯುತ್ತಿದ್ದ ಅಂಟಿನ ಪಾತ್ರೆಯನ್ನು ಒಲೆಯಿಂದ ಇಳಿಸಿದಳು.

ಮಾರನೆಯ ದಿನ ಊಟದ ಹೊತ್ತಿಗೆ ಖುರ್ಷಿದಾ ಗಂಗಾಧರನನ್ನು ಹುಡುಕಿಕೊಂಡು ಹೋದಳು. ಅವನು ಅವಳನ್ನು ಸ್ಟೋರಿನ ಹಿಂದಿನ ಸಂದಿಗೆ ಕರೆದುಕೊಂಡು ಬಂದ. ಅವಳು ನಮಾಜು ಮಾಡುವ ಸಂದಿ. ಅವಳು ಫೋಟೋ ಕೊಟ್ಟಳು. ಅವನು ನೋಡಿದ. ಅವನ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ. ಅವಳ ಎದೆ ಒಡೆದದ್ದು ಅಲ್ಲಿ, ಅವನು ಬಾಯಿ ತೆರೆಯುವ ಮೊದಲೇ.

"ಇದು ನನ್ನ ಗಂಟು ಅಲ್ವಾ ಗಂಗಾಧರಪ್ಪ?"

"ಎಲ್ಲಿ ಸಿಕ್ತು ನಿಮಗೆ ಇದು?"

ಅವಳು ಹೇಳಿದಳು. ಅವನು ಗೋಡೆಗೆ ಒರಗಿಕೊಂಡ. ನಾವು ಬರೀ ವೈರು ಕಟ್ಟಿ ಕಳಿಸುತ್ತೇವೆ, ತೆಗೆದುಕೊಂಡವನು ಎಲ್ಲಿ ಹಾಕುತ್ತಾನೆ ನಮಗೇನು ಸಂಬಂಧ ಎಂದ. ನಾವು ಬಿಟ್ಟರೆ ಇನ್ನೊಬ್ಬರು ಕಟ್ಟುತ್ತಾರೆ ಎಂದ. ನಿಮ್ಮಂಥ ಎಷ್ಟು ಮನೆ ಇದರಿಂದ ನಡೆಯುತ್ತಿದೆ ಎಂದ. ಅವಳು ಎಲ್ಲ ಕೇಳಿಸಿಕೊಂಡಳು.

"ನಿಮಗೆ ಗೊತ್ತಿತ್ತಾ?"

ಅವನು ಫೋಟೋವನ್ನು ಎರಡಾಗಿ ಮಡಚಿದ. ಆಮೇಲೆ, "ಗೊತ್ತಿತ್ತು" ಎಂದ.

"ನಿಟ್ಟೂರಿನ ತೋಟದಲ್ಲಿ ಹಾರಿದ್ದು?"

"ಅದು ಬಾಡಿಗೆಗೆ ತಂದಿದ್ದು. ಬೇರೆ ಕಂಪನೀದು."

"ನಿಮ್ಮ ಅಮ್ಮಂಗೆ?"

"ಅಮ್ಮಂಗೂ ಗೊತ್ತಿಲ್ಲ."

ಆ ಮುದುಕಿ ಹಿಡಿದುಕೊಂಡಿದ್ದ ಕೈ ಈಗ ಖುರ್ಷಿದಾಳಿಗೆ ಭಾರವಾಯಿತು. ಅದನ್ನು ಬುರ್ಖಾದ ಒಳಕ್ಕೆ ಎಳೆದುಕೊಂಡಳು. ಮೊದಲ ದಿನವೇ ಯಾಕೆ ಹೇಳಲಿಲ್ಲ ಎಂದು ಕೇಳಿದಳು.

"ಹೇಳಿದ್ರೆ ನೀವು ಕಟ್ತಾ ಇದ್ರಾ ಅಮ್ಮ? ಅಲ್ಲಿ ಸಾಯೋರು ನಿಮ್ಮೋರೇ ಅಂತ ಗೊತ್ತಾಗಿದ್ರೆ ಕಟ್ತಾ ಇದ್ರಾ?"

ಅವನು ಅದನ್ನು ಕೆಟ್ಟದಾಗಿ ಹೇಳಲಿಲ್ಲ. ಮರುಕದಿಂದಲೇ ಹೇಳಿದ. ಅದಕ್ಕೇ ಅದು ಹೆಚ್ಚು ಕೊಯ್ದಿತು.

"ನಮ್ಮೋರು ಅಂದ್ರೆ ಯಾರಪ್ಪ?" ಎಂದಳು ಖುರ್ಷಿದಾ. "ಆ ದೇಶ ಯಾವ ದಿಕ್ಕಲ್ಲಿದೆ ಅಂತ ನನಗೆ ಗೊತ್ತಿಲ್ಲ. ಕಾಳು ಕೇರ್ತಾ ಕೂತಿದ್ದ ಹೆಂಗಸ್ರು ಅವ್ರು. ನಿಮ್ಮ ಅಮ್ಮನೂ ಕೇರ್ತಾರೆ. ನರಸಿಂಹಮ್ಮನೂ ಕೇರ್ತಾಳೆ. ನಾನು ಇಲ್ಲೀವರೆಗೆ ನಿಮ್ಮನ್ನೇ ನಮ್ಮೋರು ಅಂದ್ಕೊಂಡಿದ್ದೆ."

ಅವನು ಫೋಟೋ ತನ್ನ ಜೇಬಿಗೆ ಹಾಕಿಕೊಂಡ. ನಾಳೆ ಮಾತಾಡೋಣ ಎಂದು ಹೋದ. ಅಂದು ಅವಳು ಆ ಸಂದಿಯಲ್ಲಿ ನಮಾಜು ಮಾಡಲಿಲ್ಲ.

ಮಾರನೆಯ ದಿನ ಅವನು ಒಬ್ಬನೇ ಬರಲಿಲ್ಲ. ಕ್ವಾಲಿಟಿಯವನನ್ನು ಕರೆತಂದ. ಹೆಂಗಸರೆಲ್ಲ ಬೆಂಚುಗಳ ಮೇಲೆ ಬಗ್ಗಿದ್ದರು. ಅವಳ ಎದುರು ಹೊಸ ಜಡೆ, ಹೊಸ ದಾರದ ಉಂಡೆ. ಎಲ್ಲರಿಗೂ ಕೇಳುವಂತೆ ಗಂಗಾಧರ್ ಹೇಳಿದ. "ಖುರ್ಷಿದಮ್ಮ, ಇನ್ಮೇಲೆ ಎಲ್ಲರ ಥರ ಬಲಗೈಲಿ ಕಟ್ಟಿ. ಕಂಪನಿ ಆರ್ಡರ್." ಆಮೇಲೆ ಬಗ್ಗಿ, ಅವಳ ಕಿವಿಗೆ ಮಾತ್ರ ಕೇಳುವಂತೆ, "ನಿಮ್ಮ ಒಳ್ಳೇದಕ್ಕೇ ಅಮ್ಮ. ಗಂಟು ನೋಡಿ ಯಾರೂ ನಿಮ್ಮನ್ನ ಹುಡುಕ್ಕೊಂಡು ಬರ್ಬಾರ್ದು" ಎಂದ.

ಖುರ್ಷಿದಾಳಿಗೆ ಸೌಟಿನ ಹಿಡಿ ನೆನಪಾಯಿತು. ತಾಯಿಯಾದರೂ ಊಟಕ್ಕೆ ಮಾತ್ರ ಹೊಡೆದಿದ್ದಳು, ದುಡಿಮೆಗೆ ಬಿಟ್ಟಿದ್ದಳು. ಈ ಕೈನ ಯಾರೂ ಮುಟ್ಟಬೇಡಿ ಎಂದವನೇ ಈಗ ಆ ಕೈ ಕಾಣದಂತೆ ಮಾಡು ಎನ್ನುತ್ತಿದ್ದಾನೆ. ಕಟ್ಟುವುದು ನಿಲ್ಲುವುದಿಲ್ಲ. ಕಟ್ಟಿದವರ ಗುರುತು ಮಾತ್ರ ಇರಬಾರದು.

ಅವಳು ದಾರದ ಉಂಡೆಯನ್ನು ಬೆಂಚಿನ ಮೇಲೆ ಇಟ್ಟಳು.

"ಕಟ್ಟಲ್ಲ."

"ಬಲಗೈಲಿ ಅಭ್ಯಾಸ ಆಗುತ್ತೆ ಅಮ್ಮ, ನಿಧಾನಕ್ಕೆ..."

"ಯಾವ ಕೈಲೂ ಕಟ್ಟಲ್ಲ, ಸಾರ್."

ಸಾರ್ ಎಂಬ ಮಾತು ಅವನ ಮುಖಕ್ಕೆ ಬಡಿಯಿತು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಖುರ್ಷಿದಾ ಎದ್ದು ನಿಂತಳು. ಅವಳಿಗೆ ಜೋರಾಗಿ ಮಾತಾಡಿ ರೂಢಿಯಿಲ್ಲ. ಇದು ತೆಂಗಿಗೆ ಔಷಧಿ ಹೊಡೆಯುವುದಲ್ಲ, ಜನರ ಮೇಲೆ ಬಾಂಬ್ ಹಾಕುವುದು, ನಮಗೆ ಸುಳ್ಳು ಹೇಳಿ ಕಟ್ಟಿಸಿಕೊಂಡಿದ್ದಾರೆ ಎಂದಳು. ಒಂದು ಬೆಂಚಿನಿಂದಲೂ ತಲೆ ಮೇಲೆ ಏಳಲಿಲ್ಲ. ನರಸಿಂಹಮ್ಮನ ಕೈ ನಿಂತಿತು. ಖುರ್ಷಿದಾ ಅದನ್ನು ನೋಡಿದಳು. ಈಗ ಏಳುತ್ತಾಳೆ ಎಂದುಕೊಂಡಳು. ಆ ಕೈ ಮತ್ತೆ ದಾರ ಎಳೆಯಿತು.

ಗೇಟಿನಲ್ಲಿ ಅವಳ ಕಾರ್ಡು ಕಿತ್ತುಕೊಂಡರು. ಊಟದ ಡಬ್ಬಿಯನ್ನು ಬಿಚ್ಚಿಸಿದರು. ಅನ್ನವನ್ನು ಚಮಚದಿಂದ ಕೆದಕಿ ನೋಡಿದರು. ಇಷ್ಟು ದಿನ ಕೈಚೀಲವನ್ನೂ ತೆರೆಸದ ಗೇಟು ಅದು. ಬುರ್ಖಾ ತೆಗೆಸಿ ಮೈ ತಡವುವುದಕ್ಕೆ ಗಾರ್ಡು ಮಂಜುಳಮ್ಮನನ್ನು ಕರೆದರು. ತಗಡಿನ ಬಾಗಿಲ ಹಿಂದೆ ಖುರ್ಷಿದಾ ಕೈ ಮೇಲೆತ್ತಿ ನಿಂತಳು. ಮಗಳ ಮುಂದೆಯೂ ಹಾಗೆ ನಿಂತವಳಲ್ಲ. ಅವಳ ಸೊಂಟದಲ್ಲಿ ಮೇಣದ ದಾರದ ಒಂದು ಸಣ್ಣ ಸುರುಳಿ ಇತ್ತು. ಎದ್ದು ಬರುವಾಗ ಬೆಂಚಿನ ಉಂಡೆಯಿಂದ ಎಳೆದುಕೊಂಡು ಬಂದದ್ದು. ಮಂಜುಳಮ್ಮನ ಬೆರಳಿಗೆ ಅದು ಸಿಕ್ಕಿತು. ಅವಳು ಖುರ್ಷಿದಾಳ ಮುಖ ನೋಡಿದಳು. ಸುರುಳಿಯನ್ನು ಇದ್ದಲ್ಲಿಗೇ ತಳ್ಳಿ, ಸೀರೆಯ ನೆರಿಗೆ ಸರಿ ಮಾಡಿದಳು. "ಏನೂ ಇಲ್ಲ ಸಾರ್" ಎಂದು ಹೊರಗೆ ಕೂಗಿ ಹೇಳಿದಳು.

ಆ ಮಧ್ಯಾಹ್ನ ಮುಬಶ್ಶಿರಾ ತಾಯಿಯನ್ನು ಲಕ್ಷ್ಮೀಕಾಂತ್ ಮೇಷ್ಟ್ರ ಮನೆಗೆ ಕರೆದುಕೊಂಡು ಹೋದಳು. ಟೌನ್‌ಹಾಲ್ ಸಭೆಯ ಮುಂದಾಳು ಅವರು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಮುಬಶ್ಶಿರಾಗೆ ಪುಸ್ತಕ ಕೊಡಿಸಿದವರು. ಊರಿನ ಯಾವ ಮೆರವಣಿಗೆಯಲ್ಲೂ ಮುಂದಿನ ಸಾಲಿನಲ್ಲಿರುವವರು. ಖುರ್ಷಿದಾಳನ್ನು ಕುರ್ಚಿಯ ಮೇಲೆ ಕೂರಿಸಿ, ತಾವೇ ನೀರು ತಂದುಕೊಟ್ಟರು. ಕಥೆ ಕೇಳುತ್ತ ಅವರ ಕಣ್ಣು ಹೊಳೆಯಿತು. ಇಡೀ ಜಗತ್ತಿಗೆ ಹೇಳಬೇಕಾದ ವಿಷಯ ತಾಯಿ ಇದು ಎಂದರು. ಕೊನೆಗೆ, ಯಾವ ದೇಶದ ಕಂಪನಿ ಎಂದು ಕೇಳಿದರು.

ವಸಂತನರಸಾಪುರದ್ದು ಎಂದಳು ಮುಬಶ್ಶಿರಾ. ಹೆಸರು ಹೇಳಿದಳು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು. ಆ ಕಂಪನಿಯ ಗಂಗಾಧರ್ ತಮ್ಮ ಹಳೆಯ ಸ್ಟೂಡೆಂಟು, ಒಳ್ಳೆ ಹುಡುಗ ಎಂದರು. ಊರಿಗೆ ಈಗಷ್ಟೇ ಕೆಲಸ ಬರುತ್ತಿದೆ, ಸಭೆಗೆ ಪೊಲೀಸ್ ಪರ್ಮಿಷನ್ ಸಿಕ್ಕಿದ್ದೇ ಕಷ್ಟದಲ್ಲಿ ಎಂದರು. ಅವರ ದನಿ ಈಗ ಮೆತ್ತಗಾಗಿತ್ತು.

"ನೋಡಿ ತಾಯಿ, ನಮ್ಮ ವಿರೋಧ ಯುದ್ಧಕ್ಕೆ. ನಮ್ಮೂರಿಗಲ್ಲ. ನೀವು ಹೀಗೆ ಬುರ್ಖಾ ಹಾಕ್ಕೊಂಡು ವೇದಿಕೆ ಮೇಲೆ ನಿಂತು ಇಲ್ಲಿಯ ಕಂಪನಿ ಹೆಸರು ಹೇಳಿದ್ರೆ, ನಾಳೆ ಬೇರೆ ಥರಾನೇ ಸುದ್ದಿ ಆಗುತ್ತೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

ಒಂದೇ ದಿನದಲ್ಲಿ ಎರಡನೆಯ ಸಲ ತನ್ನ ಒಳ್ಳೆಯದನ್ನು ಬೇರೊಬ್ಬರ ಬಾಯಲ್ಲಿ ಕೇಳಿದಳು ಖುರ್ಷಿದಾ.

"ಮತ್ತೆ ನಾನೆಲ್ಲಿ ನಿಲ್ಲಲಿ?" ಎಂದು ಕೇಳಿದಳು.

"ಮುಂದಿನ ಸಾಲಲ್ಲೇ ಕೂತ್ಕೊಳಿ. ನಿಮಗೊಂದು ಕುರ್ಚಿ ಹಾಕಿಸ್ತೀನಿ."

ಆ ವೈರಿನ ಫೋಟೋ ಮಾತ್ರ ಬೇಡ ಎಂದು ಮುಬಶ್ಶಿರಾಗೆ ಹೇಳಿದರು. ಸತ್ತವರದ್ದು ಇರಲಿ, ಮನಸ್ಸಿಗೆ ತಟ್ಟುತ್ತದೆ. ಬಾಗಿಲ ತನಕ ಬಂದು, ಬಿಸಿಲಿದೆ, ಆಟೋದಲ್ಲಿ ಹೋಗಿ ಎಂದರು. ಇಬ್ಬರೂ ನಡೆದೇ ಬಂದರು. ದಾರಿಯಲ್ಲಿ ಮಗಳು ಅತ್ತಳು. ತಾಯಿ ಅಳಲಿಲ್ಲ. ದೂರದ ಹೆಣಕ್ಕೆ ಇಲ್ಲಿ ಕಣ್ಣೀರಿದೆ, ಇಲ್ಲಿಯ ಕೈಗೆ ಜಾಗವಿಲ್ಲ ಎಂದಷ್ಟೇ ಹೇಳಿದಳು. ಗಂಗಾಧರನ ಜೇಬಿಗೆ ಹೋದದ್ದು ಕಾಗದ. ಮಗಳ ಫೋನಿನಲ್ಲಿ ಫೋಟೋ ಇತ್ತು. ಮತ್ತೆ ಪ್ರಿಂಟ್ ಹಾಕಿಸು, ದೊಡ್ಡದಾಗಿ ಎಂದಳು.

ಭಾನುವಾರ ಟೌನ್‌ಹಾಲ್ ಸರ್ಕಲ್ಲಿನಲ್ಲಿ ಶಾಮಿಯಾನ, ಮೈಕು, ಕಬ್ಬಿಣದ ಕಂಬಿಗಳಿಗೆ ಪ್ಲಾಸ್ಟಿಕ್ ಹುರಿಯಲ್ಲಿ ಕಟ್ಟಿದ ಫೋಟೋಗಳು. ಮೇಷ್ಟ್ರು ಚೆನ್ನಾಗಿ ಮಾತಾಡುತ್ತಿದ್ದರು. ಸಮುದ್ರದಾಚೆಯ ಊರುಗಳ ಹೆಸರು ಹೇಳುತ್ತಿದ್ದರು. ಮುಂದಿನ ಸಾಲಿನಲ್ಲಿ ಒಂದು ಖಾಲಿ ಕುರ್ಚಿ ಇತ್ತು. ಖುರ್ಷಿದಾ ಅದರ ಕಡೆ ಹೋಗಲಿಲ್ಲ. ಬಸ್ ಸ್ಟಾಪಿನ ಪಕ್ಕ ಕಂಬಿ ಎಲ್ಲಿ ಖಾಲಿಯಿತ್ತೋ ಅಲ್ಲಿಗೆ ಹೋದಳು. ಮಗಳು ರಟ್ಟನ್ನು ಹಿಡಿದು ನಿಂತಳು. ಅಂಗೈಯಲ್ಲಿ ಸುಟ್ಟ ಜಡೆಯ ಫೋಟೋ, ಬಾಗಿಲಷ್ಟು ಅಗಲದ್ದು. ಖುರ್ಷಿದಾ ಸೊಂಟದಿಂದ ಮೇಣದ ದಾರ ತೆಗೆದಳು. ಎಡಗೈಯಲ್ಲಿ ಸುತ್ತಿದಳು. ಉಗುರಿನಿಂದ ತುದಿ ಒಳಕ್ಕೆ ತಳ್ಳಿದಳು. ಬಿಸ್ಮಿಲ್ಲಾ ಎಂದು ಗಂಟು ಬಿಗಿದಳು. ಬಹಳ ದಿನದ ಮೇಲೆ ಆ ಮಾತು ಸರಿಯಾದ ಜಾಗಕ್ಕೆ ಹೋದಂತಾಯಿತು.

ಕುಣಿಗಲ್ ಬಸ್ಸು ಬಂದು ನಿಂತಿತು. ನರಸಿಂಹಮ್ಮ ಇಳಿದಳು. ಹತ್ತಿರ ಬಂದಳು, ಆದರೆ ಮುಖ ಕೊಟ್ಟು ಮಾತಾಡಲಿಲ್ಲ.

"ಬೈಯೋದಿದ್ರೆ ಬೈದ್ಬುಡಕ್ಕ."

ಖುರ್ಷಿದಾ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಟ್ಟಳು.

"ಸುಳ್ಳು ಹೇಳಾಕಿಲ್ಲ. ನಾಳಿಕ್ಕೂ ಕೆಲ್ಸಕ್ಕೆ ಹೋಯ್ತೀನಿ. ಮನೇಲಿ ಇನ್ನೇನೂ ಗತಿ ಇಲ್ಲ. ಇವತ್ತು ಬಂದಿವ್ನಿ." ಸ್ವಲ್ಪ ಹೊತ್ತು ಫೋಟೋ ನೋಡಿದಳು. "ಅಲ್ಲಕ್ಕ, ಮ್ಯಾಲೆ ಚಳಿ ಅಂದಾಗ್ಲೇ ನಮಗೆ ತಿಳೀಬೇಕಿತ್ತು. ನಾನು ತಮಾಸೆ ಮಾಡ್ದೆ."

ಕೆಳಗಿನ ಮೂಲೆ ಗಾಳಿಗೆ ಏಳುತ್ತಿತ್ತು. ನರಸಿಂಹಮ್ಮ ಕುಕ್ಕರುಗಾಲಲ್ಲಿ ಕೂತು ಅದನ್ನು ಅಂಗೈಯಿಂದ ಒತ್ತಿ ಹಿಡಿದಳು, ಬಸ್ಸಿನ ಕಿಟಕಿಗೆ ಅಡ್ಡ ಹಿಡಿಯುತ್ತಿದ್ದ ಹಾಗೆ. ಖುರ್ಷಿದಾ ಅಲ್ಲೂ ಗಂಟು ಹಾಕಿದಳು.

ಬಸ್ಸಿಗೆ ಕಾಯುತ್ತಿದ್ದವರು ಬಂದು ನೋಡಿದರು. ಇದೇನು ಎಂದು ಕೇಳಿದವರಿಗೆ ಖುರ್ಷಿದಾ ಹೇಳಿದಳು. ಜೋರಾಗಿ ಹೇಳಲಿಲ್ಲ. ಕಂಪನಿ ಯಾವುದು ಎಂದು ಹೇಳಿದಳು. ತೆಂಗಿನ ತೋಟಕ್ಕೆ ಎಂದು ನಂಬಿಸಿ ಕಟ್ಟಿಸಿಕೊಂಡದ್ದು ಹೇಳಿದಳು. ಬಲಗೈಯಲ್ಲಿ ಕಟ್ಟು ಎಂದದ್ದೂ ಹೇಳಿದಳು. ಶಾಮಿಯಾನದ ಹಿಂದಿನ ಸಾಲುಗಳು ಒಂದೊಂದಾಗಿ ಇತ್ತ ತಿರುಗಿದವು. ಮೈಕಿನಲ್ಲಿ ಮೇಷ್ಟ್ರ ಮಾತು ತಡವರಿಸಿತು. ಅವರು ಭಾಷಣವನ್ನು ಬೇರೊಬ್ಬರಿಗೆ ಬಿಟ್ಟು, ಫೋನ್ ಕಿವಿಗಿಟ್ಟುಕೊಂಡು, ಬೆನ್ನು ತಿರುಗಿಸಿ ನಿಂತದ್ದು ಖುರ್ಷಿದಾಳಿಗೆ ಕಾಣಿಸಿತು. ಆಮೇಲೆ ಕಾನ್‌ಸ್ಟೇಬಲ್ ಅಂಜನಮೂರ್ತಿಯ ಬಳಿ ಹೋಗಿ ಏನೋ ಹೇಳಿದರು.

ಅಂಜನಮೂರ್ತಿ ಬಂದ. ಬಾಗಿ ಫೋಟೋ ನೋಡಿದ. "ಪರ್ಮಿಷನ್ ಲಿಸ್ಟಲ್ಲಿ ಇದಿಲ್ವಂತೆ ಕಣಮ್ಮ. ತೆಗೀಬೇಕು" ಎಂದ. ಲಾಠಿಯನ್ನು ಕಂಕುಳಲ್ಲಿ ಸಿಕ್ಕಿಸಿ, ಗಂಟಿಗೆ ಕೈ ಹಾಕಿದ. ಉಗುರು ಹಾಕಿದ. ತುದಿ ಸಿಗಲಿಲ್ಲ. ಎಲ್ಲರೂ ಬಿಚ್ಚುವ ದಿಕ್ಕಿಗೆ ಎಳೆದ. ಗಂಟು ಇನ್ನೂ ಬಿಗಿಯಿತು.

ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಒಬ್ಬ ಹೆಂಗಸು ಹತ್ತಿರಕ್ಕೆ ಬಂದು ಕಂಬಿಯ ಗಂಟನ್ನು ನೋಡಿದಳು, ಫೋಟೋದ ಗಂಟನ್ನು ನೋಡಿದಳು. ಇಡೀ ದಿನ ದಾರ ಕಟ್ಟುವ ಕೈ ಅವಳದು. "ಎರಡೂ ಒಂದೇ ಕೈದು" ಎಂದಳು. ಪಕ್ಕದವನು ಫೋನ್ ತೆಗೆದು ಎರಡೂ ಗಂಟು ಸೇರುವಂತೆ ಫೋಟೋ ಹಿಡಿದ. ಅವನ ಹಿಂದೆ ಇನ್ನೊಬ್ಬಳು.

ಕಾರು ಬಂದು ನಿಂತಿತು. ಗಂಗಾಧರ್ ಇಳಿದ. ಜನರನ್ನು ಸರಿಸಿಕೊಂಡು ಬಂದ. ಅವನ ಮುಖ ಬಾಡಿತ್ತು, ಎರಡು ದಿನ ಸರಿಯಾಗಿ ಉಂಡವನಂತೆ ಕಾಣಲಿಲ್ಲ. ಆಗಲೂ ಖುರ್ಷಿದಾಳ ಕಣ್ಣಿಗೆ ಅದು ಬಿತ್ತು.

"ಅಮ್ಮ, ಬಿಚ್ಚಿ ಕೊಡಿ. ಮನೆಗೆ ಬಿಡ್ತೀನಿ ಬನ್ನಿ. ಕೂತು ಮಾತಾಡೋಣ."

"ನಿಮಗೆ ಗೊತ್ತಲ್ಲ ಸಾರ್, ಅದು ಬಿಚ್ಚಲ್ಲ ಅಂತ. ಎಲ್ಲರ ಮುಂದೆ ನೀವೇ ಹೇಳಿದ್ರಿ."

ಅಂಜನಮೂರ್ತಿ ಗಂಟಿನಿಂದ ಕೈ ತೆಗೆದು ಗಂಗಾಧರನ ಕಡೆ ತಿರುಗಿದ. "ಏನ್ ಸಾರ್, ಈ ಗಂಟು ನಿಮಗೆ ಮೊದ್ಲೇ ಗೊತ್ತಾ?"

ಎಲ್ಲರೂ ಕಾದರು. ಮೇಷ್ಟ್ರು ನೆಲ ನೋಡುತ್ತ ನಿಂತಿದ್ದರು. ಗಂಗಾಧರ್ ಫೋಟೋ ಕಡೆ ನೋಡಲಿಲ್ಲ. ಕಂಬಿಯ ಕಡೆ ನೋಡಲಿಲ್ಲ. ಅವಳ ಕೈಯ ಕಡೆ ಒಂದು ಸಲ ನೋಡಿದ. ಆಮೇಲೆ ತನ್ನ ಎರಡೂ ಕೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ.

ಖುರ್ಷಿದಾ ಉಳಿದ ದಾರವನ್ನು ಹಲ್ಲಿನಿಂದ ತುಂಡರಿಸಿ, ಫೋಟೋದ ನಡುವಿಗೆ ಇನ್ನೊಂದು ಗಂಟು ಹಾಕತೊಡಗಿದಳು.